ಬಿಡದಿಯಿಂದ ಬ್ಯಾಂಕಾಕ್‌ಗೆ ಹೋದ ಗೇರ್‌ಬಾಕ್ಸ್

ಬ್ಯಾಂಕಾಕ್ ಅಂದ ತಕ್ಷಣ ನಮಗೆ ನೆನಪಾಗೋದು ಟೂರ್ ಪ್ಯಾಕೇಜ್. ಆದರೆ ನಮ್ಮ ವಾಹನ ಬಿಡಿಭಾಗ ಉದ್ಯಮದ ಚರಿತ್ರೆಯಲ್ಲಿ ಆ ಊರಿನ ಹೆಸರು ಮೂರು ಸಲ ಬರುತ್ತೆ. 2003, 2009, 2019.

2003ರ ಅಕ್ಟೋಬರ್ 9. ವಾಜಪೇಯಿ ಪ್ರಧಾನಿ. ಭಾರತ, ಥಾಯ್ಲೆಂಡ್ ಎರಡೂ ಬ್ಯಾಂಕಾಕ್‌ನಲ್ಲಿ ಮುಕ್ತ ವ್ಯಾಪಾರದ ಚೌಕಟ್ಟಿಗೆ ಸಹಿ ಹಾಕಿದವು. ಪೂರ್ತಿ ಒಪ್ಪಂದಕ್ಕೆ ಕಾಯೋದು ಬೇಡ, 82 ವಸ್ತುಗಳ ಸುಂಕ ಮೊದಲೇ ಇಳಿಸೋಣ ಅಂತ ತೀರ್ಮಾನ ಆಯ್ತು. ಆ ಪಟ್ಟಿಯಲ್ಲಿ ಗೇರ್‌ಬಾಕ್ಸ್ ಕೂಡ ಇತ್ತು. 2004ರ ಸೆಪ್ಟೆಂಬರ್ 1ರಿಂದ ಸುಂಕ ಅರ್ಧ, ಮರುವರ್ಷ ಕಾಲು ಭಾಗ, 2006ಕ್ಕೆ ಸೊನ್ನೆ.

ನಮ್ಮ ತಯಾರಕರು ಗಾಬರಿಯಾದರು. ಯಾಕೆ ಅಂದ್ರೆ, ಸಿದ್ಧ ಗೇರ್‌ಬಾಕ್ಸ್ ಸುಂಕವಿಲ್ಲದೆ ಬಂದಿಳಿಯುತ್ತೆ. ಅದನ್ನೇ ಇಲ್ಲಿ ಮಾಡೋನು ಹೊರಗಿನಿಂದ ಉಕ್ಕು ತರಿಸಿದರೆ ಸುಂಕ ಕಟ್ಟಬೇಕು. ಇದ್ಯಾವ ನ್ಯಾಯ?

ಆ ಕಡೆಯವರು ತಯಾರಾಗಿದ್ದರು ಅನ್ನೋದೂ ನಿಜ. ಆಸಿಯಾನ್ ದೇಶಗಳು 1988ರಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದವು. ಒಂದೇ ಬ್ರ್ಯಾಂಡಿನ ಬಿಡಿಭಾಗ ಈ ಏರ್ಪಾಡಿಗೆ ಸೇರಿದ ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ ಸುಂಕದಲ್ಲಿ ಅರ್ಧ ರಿಯಾಯಿತಿ. ಜಪಾನಿ ಕಂಪನಿಗಳು ಅದನ್ನು ಚೆನ್ನಾಗಿ ಬಳಸಿಕೊಂಡವು. ನಾವು ಸಹಿ ಹಾಕುವ ಹೊತ್ತಿಗೆ ಅವರಿಗೆ 15 ವರ್ಷದ ಅನುಭವ.

ಈಗ ನಮ್ಮ ಮೈಸೂರು ರಸ್ತೆಗೆ ಬನ್ನಿ. ಅದೇ 2004ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಕಾರ್ಖಾನೆ ಗೇರ್‌ಬಾಕ್ಸ್ ತಯಾರಿಕೆ ಶುರು ಮಾಡಿತು. ನಮ್ಮ ಇನ್ನೋವಾ ಸೇರಿದ ವಾಹನ ಬಳಗಕ್ಕೆ ಟೊಯೊಟಾ ಹಾಕಿದ್ದ ಲೆಕ್ಕ ಹೀಗಿತ್ತು: ಡೀಸೆಲ್ ಎಂಜಿನ್ ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಿಂದ, ಮ್ಯಾನುಯಲ್ ಗೇರ್‌ಬಾಕ್ಸ್ ಫಿಲಿಪ್ಪೀನ್ಸ್ ಮತ್ತು ಭಾರತದಿಂದ. ಅಂದ್ರೆ ಥಾಯ್ಲೆಂಡಿನಿಂದ ಬರುತ್ತೆ ಅಂತ ನಾವು ಹೆದರಿದ್ದ ಗೇರ್‌ಬಾಕ್ಸೇ ಬಿಡದಿಯಿಂದ ಥಾಯ್ಲೆಂಡಿಗೆ ಹೊರಟಿತು!

ಖುಷಿ ಪಡೋಣ. ಆದರೆ ಗೆದ್ದವರು ಯಾರು? ಎರಡೂ ಕಡೆ ಕಾರ್ಖಾನೆ ಇದ್ದ ಕಂಪನಿ. ಹತ್ತು ಜನರನ್ನು ಇಟ್ಟುಕೊಂಡು ಲೇತ್ ನಡೆಸುವವನಿಗೆ ಬ್ಯಾಂಕಾಕ್‌ನಲ್ಲಿ ಯಾರಿದ್ದಾರೆ ಸ್ವಾಮಿ?

2009ರ ಆಗಸ್ಟ್ 13ರಂದು ಅದೇ ಊರಲ್ಲಿ ಆಸಿಯಾನ್ ಜೊತೆ ಸರಕು ವ್ಯಾಪಾರ ಒಪ್ಪಂದ. ಇದರಲ್ಲಿ ಮುಖ್ಯ ಷರತ್ತು, ಮಾಲಿನ ಮೌಲ್ಯದಲ್ಲಿ ಕನಿಷ್ಠ ನೂರಕ್ಕೆ 35 ಒಪ್ಪಂದಕ್ಕೆ ಸೇರಿದ ದೇಶಗಳಲ್ಲೇ ಹುಟ್ಟಿರಬೇಕು. ಇಲ್ಲದಿದ್ದರೆ ಮೂರನೆಯವರ ಮಾಲು ಲೇಬಲ್ ಬದಲಿಸಿಕೊಂಡು ಬಂದುಬಿಡುತ್ತೆ. ಆದರೆ ಆ 35ನ್ನು ಪರೀಕ್ಷೆ ಮಾಡೋರು ಯಾರು? ಆಮದುದಾರನೇ ವಿವರ ಇಟ್ಟುಕೊಂಡು ತೋರಿಸಬೇಕು ಅನ್ನೋ ಕಟ್ಟುನಿಟ್ಟಿನ ನಿಯಮ ಬಂದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಒಪ್ಪಂದ ಜಾರಿಯಾಗಿ ಹತ್ತು ವರ್ಷ ಕಳೆದ ಮೇಲೆ! ಅಷ್ಟರಲ್ಲಿ ಆಸಿಯಾನ್ ಜೊತೆಗಿನ ನಮ್ಮ ವ್ಯಾಪಾರ ಕೊರತೆ ಬೆಳೆದಿತ್ತು.

ಮೂರನೆಯದು 2019ರ ನವೆಂಬರ್ 4. ಚೀನಾವೂ ಇದ್ದ ಆರ್‌ಸಿಇಪಿ ಒಪ್ಪಂದಕ್ಕೆ ಸೇರಲ್ಲ ಅಂತ ಪ್ರಧಾನಿ ಮೋದಿ ಬ್ಯಾಂಕಾಕ್‌ನಲ್ಲೇ ಹೇಳಿ ಬಂದರು. ಹಿಂದಿನ ಎರಡು ಸಹಿಗಳ ಅನುಭವ ಅದರ ಹಿಂದಿತ್ತು.

ಸಹಿ ಹಾಕಿದರೆ ಮುಳುಗ್ತೀವಿ ಅನ್ನೋದೂ ಪೂರ್ತಿ ನಿಜವಲ್ಲ, ಹಾಕದಿದ್ದರೆ ಉಳೀತೀವಿ ಅನ್ನೋದೂ ಅಲ್ಲ. ಬಿಡದಿ ಮೊದಲನೆಯದನ್ನು ಸುಳ್ಳು ಮಾಡಿದೆ. ಮುಂದಿನ ಒಪ್ಪಂದದ ಸುದ್ದಿ ನಾನು ಓದುವಾಗ ಸುಂಕ ಎಷ್ಟು ಇಳೀತು ಅಂತ ಮಾತ್ರ ಕೇಳಬೇಡಿ. ಆ ಲೇತ್‌ನವನನ್ನು ತಯಾರು ಮಾಡೋಕೆ ಸರ್ಕಾರ ಎಷ್ಟು ವರ್ಷ ಕೊಟ್ಟಿದೆ, ಅವನ ಉಕ್ಕಿನ ಸುಂಕ ಏನಾಯ್ತು, ಅದನ್ನೂ ಕೇಳಿ.