ಮೊದಲೇ ಬಂದು ಸೋತ ಕಾರು: ಪ್ರೀಮಿಯರ್ ರಿಯೋ

ನಾನಿರೋದು ಠಾಣೆಯ ಮಾಜಿವಾಡಾದಲ್ಲಿ, ಘೋಡ್‌ಬಂದರ್ ರಸ್ತೆ ನಾಸಿಕ್ ಹೆದ್ದಾರಿಗೆ ಸೇರೋ ಕಡೆ. ಸಂಜೆ ಫ್ಲೈಓವರ್ ಕೆಳಗೆ ಸಿಕ್ಕಿಹಾಕಿಕೊಂಡಾಗ ಸುತ್ತ ನೋಡಿದ್ರೆ ಬ್ರೆಝಾ, ನೆಕ್ಸಾನ್, ವೆನ್ಯೂ. ಎಲ್ಲವೂ 4 ಮೀಟರ್ ಒಳಗಿನ, ಎತ್ತರದ ಕ್ರಾಸ್‌ಓವರ್‌ಗಳು. ಇದನ್ನ ಶುರು ಮಾಡಿದ್ದು ಯಾರು ಅಂದ್ರೆ ಹೆಚ್ಚಿನವರು 2013ರ ಫೋರ್ಡ್ ಇಕೋಸ್ಪೋರ್ಟ್ ಅಂತಾರೆ. ಆದರೆ 2009ರ ಕೊನೆಯಲ್ಲೇ ನಮ್ಮ ದೇಶದ ಪ್ರೀಮಿಯರ್ ಕಂಪನಿ ರಿಯೋ ಅನ್ನೋ ಕಾರು ಬಿಟ್ಟಿತ್ತು. ನೀವು ಒಂದನ್ನಾದ್ರೂ ನೋಡಿದ್ದೀರಾ?

ಪ್ರೀಮಿಯರ್ ಅಂದ್ರೆ ಪದ್ಮಿನಿ ಟ್ಯಾಕ್ಸಿಯ ಪ್ರೀಮಿಯರ್. 1944ರಲ್ಲಿ ಇದನ್ನ ಕಟ್ಟಿದವರು ವಾಲಚಂದ್ ಹೀರಾಚಂದ್. (1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್, ಶುರು ಮಾಡಿದ್ದೂ ಇವರೇ.) ಪದ್ಮಿನಿ ಕುರ್ಲಾದಲ್ಲಿ ತಯಾರಾಗ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಪಕ್ಕದ ಕಲ್ಯಾಣ್ ಕಡೆಯ ಕಾರ್ಖಾನೆಯಲ್ಲಿ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ 309 ಕಾರು ಮಾಡಿದರು. ಕಾರು ಚೆನ್ನಾಗಿತ್ತು, ಆದರೆ ಕಾರ್ಮಿಕರ ತಕರಾರು, ಪಾಲುದಾರರ ಮನಸ್ತಾಪ ಎಲ್ಲ ಸೇರಿ ಪ್ಯೂಜೋ ಹೊರಟುಹೋಯಿತು. ಅದೇ ಹೊತ್ತಿಗೆ ಫಿಯಟ್ ಊನೋ. 1996ರಲ್ಲಿ ಸುಮಾರು 2.9 ಲಕ್ಷ ಜನ ದುಡ್ಡು ಕಟ್ಟಿ ಬುಕ್ ಮಾಡಿದರು. ಕುರ್ಲಾದಲ್ಲಿ ಮುಷ್ಕರ ನಡೆದು, ಶುರುವಿನಲ್ಲಿ ಕಾರು ಸಿಕ್ಕಿದ್ದು ಕೆಲವೇ ನೂರು ಮಂದಿಗೆ. ಹೀಗೆ ಕಾದು ಕೈಸುಟ್ಟುಕೊಂಡ ಮಧ್ಯಮವರ್ಗ ಕಂಪನಿ ಹೆಸರನ್ನ ಅಷ್ಟು ಸುಲಭಕ್ಕೆ ಮರೆಯಲ್ಲ. ರಿಯೋ ಸೋಲಿಗೆ ಇದೂ ಒಂದು ಕಾರಣ ಅನ್ನೋದು ನನ್ನ ಅಂದಾಜು.

ರಿಯೋ ಹಿಂದಿನ ಲೆಕ್ಕ ಮಾತ್ರ ಜಾಣತನದ್ದು. 2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ 24%ನಿಂದ 16%ಗೆ ಇಳಿದಿತ್ತು. ಷರತ್ತು ಏನಂದ್ರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ 1,500 ಸಿಸಿ ದಾಟಬಾರದು. ಇದನ್ನ ಹೆಚ್ಚಿನವರು ಹ್ಯಾಚ್‌ಬ್ಯಾಕ್‌ಗೆ ಬಳಸಿಕೊಂಡರೆ ಪ್ರೀಮಿಯರ್ ಎಸ್‌ಯುವಿಗೆ ಬಳಸಿತು. ಚೀನಾದ ಝೋಟೈ ಕಂಪನಿಯ ಕಾರನ್ನ ಬಿಡಿಭಾಗವಾಗಿ ತಂದು ಪುಣೆಯ ಚಿಂಚ್‌ವಡ್‌ನಲ್ಲಿ ಜೋಡಿಸೋದು. ಅದರ ಮೂಲ ಜಪಾನಿನ ಡೈಹಾಟ್ಸು ಟೆರಿಯೋಸ್. ಎಂಜಿನ್ 1,489 ಸಿಸಿ ಡೀಸೆಲ್, ಸುಂಕದ ಗೆರೆಗಿಂತ 11 ಸಿಸಿ ಕಡಿಮೆ! ಅದು ಹಳೇ 309ರ ಪ್ಯೂಜೋ ಎಂಜಿನ್ ವಂಶದ್ದೇ. ಹಿಂಬಾಗಿಲಿಗೆ ಸ್ಟೆಪ್ನಿ, ಬೆಲೆ ಐದಾರು ಲಕ್ಷದ ಆಸುಪಾಸು. ಕಾಗದದ ಮೇಲೆ ಇದು ಓಡಲೇಬೇಕಾದ ಕಾರು.

ಪೆಟ್ಟು ಬಿದ್ದದ್ದು ಎಂಜಿನ್‌ನಿಂದಲೇ. ಆ ಡೀಸೆಲ್ ಬಿಎಸ್-3 ಮಟ್ಟದ್ದು. 2010ರಲ್ಲಿ 13 ನಗರಗಳಿಗೆ ಬಿಎಸ್-4 ಕಡ್ಡಾಯವಾಯಿತು. ಆ ಪಟ್ಟಿಯಲ್ಲಿ ಮುಂಬೈ, ಬೆಂಗಳೂರು, ಸೊಲ್ಲಾಪುರ ಇದ್ದವು, ಪುಣೆಯೂ ಇತ್ತು. ಅಂದ್ರೆ ಕಾರ್ಖಾನೆ ಇರೋ ಊರಲ್ಲೇ ಈ ಡೀಸೆಲ್ ಕಾರು ಮಾರೋ ಹಾಗಿಲ್ಲ! ನಗರದ ಸಂಬಳದಾರರಿಗೆ ಹೇಳಿ ಮಾಡಿಸಿದ ಕಾರು ನಗರಕ್ಕೇ ಬರದೆ ಸಣ್ಣ ಊರುಗಳನ್ನ ನಂಬಬೇಕಾಯಿತು. ಅಲ್ಲಿನ ಗಿರಾಕಿ ಮೊದಲು ಕೇಳೋದು "ಸರ್ವೀಸ್ ಎಲ್ಲಿ, ಸ್ಪೇರ್ ಪಾರ್ಟ್ ಎಲ್ಲಿ?" ಡೀಲರ್‌ಗಳು ಬೆರಳೆಣಿಕೆ. ಜೊತೆಗೆ ಎಂಜಿನ್ ಶಕ್ತಿ ಸಾಲದು, ಸದ್ದು ಜಾಸ್ತಿ, ಒಳಗಿನ ಪ್ಲಾಸ್ಟಿಕ್ ಸಾಧಾರಣ. "ಚೀನಾ ಮಾಲು" ಅನ್ನೋ ಮಾತು ಬೇರೆ.

ಪೆಟ್ರೋಲ್ ರಿಯೋ ಬಂತು, 2012ರಲ್ಲಿ ಫಿಯಟ್‌ನ 1,248 ಸಿಸಿ ಮಲ್ಟಿಜೆಟ್ ಡೀಸೆಲ್ ಕೂಡ ಬಂತು. ಇದು ಬಿಎಸ್-4, ಆದ್ದರಿಂದ ಮಹಾನಗರದ ಬಾಗಿಲು ತೆರೆಯಿತು. ಆದರೆ ಅದೇ ವರ್ಷ ರೆನೋ ಡಸ್ಟರ್, ಮರುವರ್ಷ ಇಕೋಸ್ಪೋರ್ಟ್. ಅವುಗಳ ಪಕ್ಕ ನಿಲ್ಲಿಸಿದರೆ ರಿಯೋ ತೊಂಬತ್ತರ ದಶಕದ ಕಾರಿನ ಹಾಗೆ ಕಾಣ್ತಿತ್ತು. ನಿಜಕ್ಕೂ ಅದು ಆ ಕಾಲದ್ದೇ ವಿನ್ಯಾಸ.

2016ರಲ್ಲಿ ಮಾರುತಿ ವಿಟಾರಾ ಬ್ರೆಝಾ ಬಂತು. ಉದ್ದ 4 ಮೀಟರ್ ಒಳಗೆ, ಮೊದಲ ನಾಲ್ಕು ವರ್ಷ ಡೀಸೆಲ್ ಮಾತ್ರ. ಬಾನೆಟ್ ಎತ್ತಿದರೆ ಅದೇ ಫಿಯಟ್ ಮೂಲದ 1,248 ಸಿಸಿ ಎಂಜಿನ್, ಸ್ವಲ್ಪ ಹೆಚ್ಚು ಶಕ್ತಿಯದ್ದು. ಅದಕ್ಕೆ ಜನ ತಿಂಗಳುಗಟ್ಟಲೆ ಕಾದರು.