ಕೋಲಾರದ ಚಿನ್ನ, ಸತ್ತೇಗಾಲದ ಹೊಳೆ

ಕೋಲಾರ ಚಿನ್ನದ ಗಣಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗಣಿಯ ಬಾಯಿಂದಲೇ ಶುರುಮಾಡುತ್ತಾರೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟದ್ದು, ಚಾಂಪಿಯನ್ ರೀಫ್ ಗಣಿ ಆಳಕ್ಕೆ ಇಳಿಯುತ್ತ ಹೋದದ್ದು, ಮೈಸೂರು ಸಂಸ್ಥಾನಕ್ಕೆ ನೂರಕ್ಕೆ ಐದರಂತೆ ರಾಯಧನ ಸಂದದ್ದು ಆ ಕಥೆಯ ಮುಖ್ಯ ಘಟ್ಟಗಳು. ಆದರೆ ಆ ಗಣಿಯ ಇನ್ನೊಂದು ತುದಿ ಇದ್ದದ್ದು ಕಾವೇರಿ ದಡದಲ್ಲಿ, ಕೊಳ್ಳೇಗಾಲ ಸೀಮೆಯ ಸತ್ತೇಗಾಲದ ಮಗ್ಗುಲಲ್ಲಿ. ಇಲ್ಲಿ ಹೊಳೆ ಕವಲೊಡೆದು ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತು, ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ರೂಪಿಸಿದ ವಿದ್ಯುದಾಗಾರದಿಂದ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ಕರೆಂಟು ಹರಿಯಿತು. ಆಗಿನ ಲೋಕದಲ್ಲಿ ಅಷ್ಟು ಉದ್ದದ ತಂತಿಮಾರ್ಗಗಳು ಬೆರಳೆಣಿಕೆಯಷ್ಟೇ. ಅಲ್ಲಿಯವರೆಗೆ ಕಲ್ಲಿದ್ದಲು, ಸೌದೆ ಉರಿಸಿ ಉಗಿಯಂತ್ರ ನಡೆಸುತ್ತಿದ್ದ ಗಣಿಗೆ ಇದು ಹೊಸ ಆಯುಸ್ಸು ಕೊಟ್ಟಿತು. ನೆಲವನ್ನೂ ನೀರನ್ನೂ ಬೇಡುವ ಗಣಿ, ಆ ನೆಲ-ನೀರಿನ ಹಕ್ಕುದಾರರು, ಸುತ್ತಲಿನ ಸೀಮೆಯ ಜನ, ಈ ಮೂವರ ನಡುವೆ ಹೊಂದಾಣಿಕೆ ಹೇಗೆ ಬಾಳಿಕೆ ಬರುತ್ತದೆಂದು ತಿಳಿಯಲು ಗಣಿಯ ಬಾಯಿಗಿಂತ ಹೊಳೆಯ ಈ ತುದಿಯೇ ಒಳ್ಳೆಯ ಜಾಗ.

ಇಲ್ಲಿ ಬಾಳಿಕೆ ಬಂದ ಒಪ್ಪಂದಗಳನ್ನು ಮೊದಲು ನೋಡಬೇಕು. ಮೈಸೂರು ಸರ್ಕಾರ ಮತ್ತು ಗಣಿ ಕಂಪನಿಗಳ ನಡುವಿನ ಕರಾರಿನಲ್ಲಿ ಎಷ್ಟು ಅಶ್ವಶಕ್ತಿ, ಯಾವ ದರಕ್ಕೆ, ಎಷ್ಟು ವರ್ಷ ಎಂಬುದೆಲ್ಲ ಬರಹದಲ್ಲಿತ್ತು. ಕಂಪನಿಗಳು ಹೆಚ್ಚು ವಿದ್ಯುತ್ ಕೇಳಿದವು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಚಕ್ರಗಳು ನಿಲ್ಲುವ ಭಯವಿತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಮಂಡ್ಯದ ಹೊಲಗಳಿಗೆ ನೀರುಣಿಸುವುದರಷ್ಟೇ ಬಲವಾದ ಕಾರಣ ಇದೂ ಆಗಿತ್ತು. ಇದಕ್ಕೆ ಮದರಾಸು ಸರ್ಕಾರ ತಕರಾರೆತ್ತಿತು. 1914ರಲ್ಲಿ ಗ್ರಿಫಿನ್ ಮಧ್ಯಸ್ಥಿಕೆಯ ತೀರ್ಪು ಬಂತು, ಮದರಾಸು ಅದನ್ನೂ ಒಪ್ಪದೆ ಹೋರಾಡಿತು, ಕೊನೆಗೆ 1924ರ ಒಪ್ಪಂದವಾಯಿತು. ಅದರ ನ್ಯಾಯಾನ್ಯಾಯ ಇಂದಿಗೂ ಚರ್ಚೆಯ ವಿಷಯ. ಮೈಸೂರಿನ ಕೈ ಕಟ್ಟಿಹಾಕಿತೆಂಬ ನೋವು ನಮ್ಮಲ್ಲಿ ಆರಿಲ್ಲ. ಆದರೂ ಅದು ಐವತ್ತು ವರ್ಷ ನಡೆಯಿತೆಂಬುದು ಸುಳ್ಳಲ್ಲ. ಈ ಎರಡೂ ಒಪ್ಪಂದಗಳಲ್ಲಿ ಕೂತಿದ್ದವರು ‘ಒಲ್ಲೆ’ ಎನ್ನಬಲ್ಲವರು. ಕಂಪನಿ ಒಲ್ಲೆನೆಂದರೆ ಮೈಸೂರಿನ ಬಂಡವಾಳ ಮುಳುಗುತ್ತಿತ್ತು, ಮದರಾಸು ಒಲ್ಲೆನೆಂದರೆ ಕಟ್ಟೆ ಏಳುತ್ತಿರಲಿಲ್ಲ. ಸಹಕಾರವನ್ನು ಅಷ್ಟು ಕಾಲ ಹಿಡಿದು ನಿಲ್ಲಿಸಿದ್ದು ಈ ಬಲ. ಸದ್ಭಾವನೆಯ ಪಾಲು ಅದರಲ್ಲಿ ಕಡಿಮೆ.

ಸತ್ತೇಗಾಲದವರಿಗೆ ಆ ಬಲವಿರಲಿಲ್ಲ. ವಿದ್ಯುದಾಗಾರ ಎದ್ದದ್ದು ಎಡದಂಡೆಯಲ್ಲಿ, ಮೈಸೂರಿನ ಮಳವಳ್ಳಿ ಕಡೆ. ಬಲದಂಡೆಯ ಕೊಳ್ಳೇಗಾಲ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಕನ್ನಡನಾಡಿಗೆ ಬಂದದ್ದು 1956ರಲ್ಲಿ. ಹೀಗೆ ಹೊಳೆಯ ಬಗ್ಗೆ ಇವರ ಪರವಾಗಿ ಮಾತಾಡಬೇಕಾಗಿದ್ದುದು ಮದರಾಸು. ಆದರೆ ಮದರಾಸಿನ ಕಣ್ಣು ನೆಟ್ಟಿದ್ದುದು ತಂಜಾವೂರಿನ ಗದ್ದೆಗಳ ಮೇಲೆ. ಧನಗೆರೆ ಅಣೆಕಟ್ಟೆಯ ನೀರು ನಂಬಿದ್ದ ಕೊಳ್ಳೇಗಾಲದ ರೈತ ಎರಡು ಸರ್ಕಾರಗಳ ನಡುವಿನ ಗಡಿಯಲ್ಲಿ ನಿಂತು, ಎರಡು ಕಡೆಯ ಕಾಗದದಲ್ಲೂ ಪಕ್ಷಗಾರನಾಗದೆ ಉಳಿದ.

ಆ ಕಾಲದಲ್ಲಿ ಹಳ್ಳಿಯವರನ್ನು ಕರೆದು ಕರಾರು ಮಾಡುವ ಪದ್ಧತಿ ಎಲ್ಲಿತ್ತು, ಇಂದಿನ ಅಳತೆಗೋಲನ್ನು ಅಂದಿಗೆ ಹಿಡಿಯಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಉತ್ತರ ಇದೇ ಊರಿನ ಹೊಳೆಯ ಮೇಲೆ ಕಲ್ಲಿನ ಕಂಬಗಳಾಗಿ ನಿಂತಿತ್ತು. ಜನ ವೆಸ್ಲಿ ಸೇತುವೆಯೆನ್ನುವ ಆ ಹಳೆಯ ಸೇತುವೆಯನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ರಾಮಸ್ವಾಮಿ ಮೊದಲಿಯಾರರಿಗೆ ಶಿವನಸಮುದ್ರದ ಜಹಗೀರು ದೊರೆಯಿತು. ಹಳ್ಳಿಗಳ ಕಂದಾಯವನ್ನು ಒಂದು ಲೋಕೋಪಯೋಗಿ ಕಟ್ಟಡದ ಜೊತೆ ಜೋಡಿಸುವ ಕ್ರಮ ವಿದ್ಯುತ್ತಿಗಿಂತ ಏಳು ದಶಕ ಮೊದಲೇ ಇಲ್ಲಿ ಇತ್ತು. ಅದು ಜಹಗೀರುದಾರನಿಗೆ ಸಂದ ಮನ್ನಣೆ, ಒಕ್ಕಲಿಗೆ ಸಂದದ್ದಲ್ಲ, ನಿಜ. ಆದರೂ ಇಲ್ಲಿ ಹುಟ್ಟುವ ಆದಾಯದ ಒಂದು ಪಾಲನ್ನು ಇಲ್ಲಿಯ ಕೆಲಸಕ್ಕೇ ಕಟ್ಟಿಡುವ ದಾರಿ ಆಡಳಿತಕ್ಕೆ ಗೊತ್ತಿತ್ತು. ವಿದ್ಯುತ್ತಿನ ಹಣಕ್ಕೆ ಆ ದಾರಿ ಹಿಡಿಯಲಿಲ್ಲ, ಅಷ್ಟೇ. ಇನ್ನೊಂದು ವಾದ ಇದಕ್ಕಿಂತ ಗಟ್ಟಿ: ಲಾಭ ಹರಡಿತಲ್ಲ, 1905ರಲ್ಲಿ ಬೆಂಗಳೂರಿಗೆ ದೀಪ ಬಂತು, ನಾಡಿನ ಕೈಗಾರಿಕೆ ಬೆಳೆಯಿತು, ಒಂದು ಸೀಮೆಯ ತ್ಯಾಗ ಎಲ್ಲರಿಗೂ ಫಲ ಕೊಟ್ಟಿತು. ಫಲವನ್ನು ಅಲ್ಲಗಳೆಯಲಾಗದು. ಆದರೆ ಕೇಳದೆ ಪಡೆದದ್ದನ್ನು ತ್ಯಾಗವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬೀದಿಗೆ ಬಿದ್ದ ಕಾರ್ಮಿಕರು, ಊರ ನಡುವೆ ಉಳಿದ ಸೈನೈಡ್ ದಿಬ್ಬಗಳು ಎಲ್ಲರಿಗೂ ಗೊತ್ತಿರುವ ವಿಷಯ. 2015ರ ಗಣಿ ಕಾಯ್ದೆ ತಿದ್ದುಪಡಿ ಜಿಲ್ಲಾ ಖನಿಜ ಪ್ರತಿಷ್ಠಾನ ತಂದು, ರಾಯಧನದ ಜೊತೆಗೆ ಒಂದು ಪಾಲನ್ನು ಬಾಧಿತ ಜನರಿಗಾಗಿ ಎತ್ತಿಡಬೇಕೆಂದಿತು. ಸತ್ತೇಗಾಲ ಈಗ ಸೇರಿರುವ ಚಾಮರಾಜನಗರ ಜಿಲ್ಲೆಯ ಕರಿಕಲ್ಲಿನ ಕ್ವಾರಿಗಳ ಸುತ್ತಲಿನ ಊರುಗಳಿಗೆ ಇದು ದೊಡ್ಡ ಮಾತು. ಆದರೆ ‘ಬಾಧಿತ’ರನ್ನು ಗುರುತಿಸುವುದು ಗಣಿಯ ಸುತ್ತ ಗೆರೆ ಎಳೆದು. ಅದೇ ಲೆಕ್ಕ ಹಿಡಿದರೆ 1902ರಲ್ಲಿ ಸತ್ತೇಗಾಲ ಯಾವ ಗೆರೆಯೊಳಗೂ ಬೀಳುತ್ತಿರಲಿಲ್ಲ. ಗಣಿಗೆ ಅದರ ಹೊಳೆ ಬೇಕಿತ್ತು, ಗಣಿಯ ನಕ್ಷೆಯಲ್ಲಿ ಅದು ಇರಲಿಲ್ಲ. ಈಗ ರಾಮನಗರ, ಚನ್ನಪಟ್ಟಣ ಕಡೆಗಳಿಗೆ ಕುಡಿಯುವ ನೀರು ಒಯ್ಯಲು ಸತ್ತೇಗಾಲದಿಂದ ಇಗ್ಗಲೂರಿಗೆ ಸುರಂಗಮಾರ್ಗದ ಯೋಜನೆ ಬಂದಿದೆ. ಬಾಯಾರಿದವರಿಗೆ ನೀರು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಬೇಸಿಗೆಯಲ್ಲಿ ಮೊದಲ ಪಾಲು ಯಾರದು, ಹಂಚಿಕೆಯ ಲೆಕ್ಕ ಯಾರ ಮುಂದೆ ಇಡಬೇಕು, ಎಷ್ಟು ವರ್ಷಕ್ಕೊಮ್ಮೆ ಮರುಪರಿಶೀಲನೆ ಎಂಬುದನ್ನು ಬರೆದು, ಸತ್ತೇಗಾಲದ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಅದೇ ಕಾಗದದಲ್ಲಿರಬೇಕು.