ಅಮೆರಿಕದ ಕಾಗದ

ಮನೆಯಲ್ಲಿ ಯಾರೂ ಸತ್ತಿಲ್ಲ. ಆದರೂ ನೆಂಟರಿಷ್ಟರು, ಊರವರು ಸೇರಿ ರಾತ್ರಿಯಿಡೀ ಎಚ್ಚರವಿದ್ದಾರೆ. ಹಾಡು, ಕುಣಿತ, ನಡುನಡುವೆ ಅಳು. ಬೆಳಗಾದರೆ ಮಗಳು ಹಡಗು ಹತ್ತಲು ಹೊರಡಬೇಕು. ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಹಳ್ಳಿಗಳಲ್ಲಿ ಇದಕ್ಕೆ 'ಅಮೆರಿಕನ್ ವೇಕ್' ಎಂದು ಹೆಸರು. ಹೆಣದ ಬಳಿ ಕುಳಿತು ಇರುಳು ಕಳೆಯುವ ಹಳೆಯ ಪದ್ಧತಿಯನ್ನೇ ಜನ ಅಮೆರಿಕಕ್ಕೆ ಹೊರಟವರಿಗೂ ಆಚರಿಸುತ್ತಿದ್ದರು. ಹೋದವರು ಮರಳುವುದು ಅಷ್ಟು ಅಪರೂಪ.

ಐರಿಷರ ವಲಸೆ ಹಳೆಯದೇ. ಅದು ಪ್ರವಾಹವಾದದ್ದು 1845ರಿಂದೀಚೆಗೆ. ನಮ್ಮ ಹಾಸನದ ರೈತರಿಗೂ ಪರಿಚಿತವಾದ ಅಂಗಮಾರಿ ರೋಗ, ಅಲ್ಲಿನ ಬಡವರ ಮುಖ್ಯ ಆಹಾರವಾಗಿದ್ದ ಆಲೂಗಡ್ಡೆಯನ್ನು ನೆಲದಲ್ಲೇ ಕೊಳೆಸಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು.

ಹೋದವರಿಗೂ ಉಳಿದವರಿಗೂ ನಡುವೆ ಇದ್ದ ಕೊಂಡಿ ಕಾಗದ. 'ಅಮೆರಿಕದ ಕಾಗದ' ಬಂತೆಂದರೆ ನೆರೆಹೊರೆಯವರು ಕೂಡುತ್ತಿದ್ದರು. ಓದು ಬಾರದ ಮನೆಯಲ್ಲಿ ಬಲ್ಲವರೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕ್ಷೇಮಸಮಾಚಾರವೇನೋ ಸರಿ, ಎಲ್ಲರ ಕಣ್ಣು ಮಾತ್ರ ಲಕೋಟೆಯೊಳಗಿನ ಹಣದ ಮೇಲೆ! ಕಳಿಸುತ್ತಿದ್ದವರಲ್ಲಿ ಬಾಸ್ಟನ್, ನ್ಯೂಯಾರ್ಕ್‌ಗಳ ಸಿರಿವಂತರ ಮನೆಗಳಲ್ಲಿ ಅಡಿಗೆ, ಕಸಮುಸುರೆ ಮಾಡುವ ಹುಡುಗಿಯರು ಬಹಳ. ಊಟ, ವಸತಿ ಯಜಮಾನರ ಮನೆಯಲ್ಲೇ ಆದ್ದರಿಂದ ಸಂಬಳ ಉಳಿಯುತ್ತಿತ್ತು. ಆ ಹಣ ಊರಿನಲ್ಲಿ ಜಮೀನುದಾರನ ಗೇಣಿಗೆ, ಅಂಗಡಿಯ ಸಾಲಕ್ಕೆ ಸಂದಾಯವಾಗುತ್ತಿತ್ತು. ಇಂಥವರ ಉಳಿತಾಯಕ್ಕೆಂದೇ 1850ರಲ್ಲಿ ನ್ಯೂಯಾರ್ಕ್‌ನಲ್ಲಿ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್ ಹುಟ್ಟಿಕೊಂಡಿತು.

ಕೆಲವೊಮ್ಮೆ ಲಕೋಟೆಯಲ್ಲಿ ಹಣದ ಬದಲು ಹಡಗಿನ ಟಿಕೆಟ್ ಇರುತ್ತಿತ್ತು. ಅಕ್ಕ ದುಡ್ಡು ಕಟ್ಟಿ ಕಳಿಸಿದ ಟಿಕೆಟ್ಟಿನಲ್ಲಿ ತಂಗಿ ಹೊರಟಳು. ತಂಗಿಯ ದುಡಿಮೆಯಿಂದ ತಮ್ಮ. ಮನೆ ಉಳಿಸಿದ ಕಾಗದವೇ ಮನೆಯನ್ನು ಬರಿದೂ ಮಾಡಿತು. 1892ರ ಜನವರಿ 1ರಂದು ನ್ಯೂಯಾರ್ಕ್‌ನ ಎಲಿಸ್ ದ್ವೀಪದ ವಲಸೆ ಠಾಣೆಯಲ್ಲಿ ಮೊಟ್ಟಮೊದಲು ಹೆಸರು ಬರೆಸಿದ ಆನಿ ಮೂರ್ ಕೂಡ ಇಬ್ಬರು ತಮ್ಮಂದಿರೊಡನೆ, ಮೊದಲೇ ಹೋಗಿದ್ದ ತಂದೆತಾಯಿಯರನ್ನು ಸೇರಲು ಬಂದವಳು. 1841ರಲ್ಲಿ 81 ಲಕ್ಷ ದಾಟಿದ್ದ ಐರ್ಲೆಂಡಿನ ಜನಸಂಖ್ಯೆ 1901ರ ಹೊತ್ತಿಗೆ 45 ಲಕ್ಷಕ್ಕಿಂತ ಕೆಳಗಿಳಿದಿತ್ತು.

ಕಾಗದವೇ ಬಾರದವರ ಪಾಡು ಬೇರೆ. ಬಾಸ್ಟನ್ನಿನ 'ಪೈಲಟ್' ಪತ್ರಿಕೆ 1831ರಿಂದ ಸುಮಾರು 90 ವರ್ಷ 'ಕಾಣೆಯಾದ ಆಪ್ತರ' ಜಾಹೀರಾತು ಪ್ರಕಟಿಸಿತು. ಹೆಸರು, ಹುಟ್ಟೂರು, ಊರು ಬಿಟ್ಟ ವರ್ಷ, ಕಡೆಯ ಸಲ ಸುದ್ದಿ ಬಂದ ಸ್ಥಳ—ಇಷ್ಟೇ ವಿವರ. ಗಂಡನನ್ನು ಹೆಂಡತಿ, ಮಗನನ್ನು ತಾಯಿ ಹುಡುಕುತ್ತಿದ್ದರು. ಈ ಸಾವಿರಾರು ಜಾಹೀರಾತುಗಳನ್ನು ಬಾಸ್ಟನ್ ಕಾಲೇಜು ಈಚೆಗೆ ಗಣಕಯಂತ್ರಕ್ಕೇರಿಸಿತು. ಅಂದು ಕಾಣೆಯಾದವರ ಮರಿಮಕ್ಕಳು ತಮ್ಮ ಹಿರಿಯರ ಹಳ್ಳಿ ಯಾವುದೆಂದು ಅದರಲ್ಲಿ ಹುಡುಕತೊಡಗಿದರು.